ಪಾಸಾದವನ ಹುಚ್ಚು

ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುವ ಕೆಲಸಕ್ಕೆ ಹೋದಾಗಲೆಲ್ಲ ನನಗೆ ಚೀನಾ ದೇಶದ ಚೌ ಜಿನ್ ಎಂಬ ಮುದುಕನೊಬ್ಬನ ನೆನಪು ಬರುತ್ತದೆ. ಅವನು ನಿಜವಾಗಿ ಬದುಕಿದ್ದ ಮನುಷ್ಯನಲ್ಲ. ಒಂದು ಕಾದಂಬರಿಯ ಪಾತ್ರ. ಆದರೂ ಪಕ್ಕದ ಕುರ್ಚಿಯಲ್ಲಿ ಕುಳಿತು ಕೆಂಪು ಮಸಿಯ ಪೆನ್ನು ಹಿಡಿದಿರುವ ನನ್ನ ಸಹೋದ್ಯೋಗಿಗಿಂತ ಅವನೇ ನನಗೆ ಹೆಚ್ಚು ಪರಿಚಿತನೆಂದು ತೋರುತ್ತದೆ.

ಈ ಚೌ ಜಿನ್ ಅರವತ್ತು ದಾಟುವವರೆಗೂ ಒಂದು ಪರೀಕ್ಷೆಯಲ್ಲಿಯೂ ತೇರ್ಗಡೆಯಾಗದೆ ಹಳ್ಳಿಯಲ್ಲಿ ಹುಡುಗರಿಗೆ ಅಕ್ಷರ ಹೇಳಿಕೊಟ್ಟುಕೊಂಡಿದ್ದವನು. ಆ ಕೆಲಸವೂ ಹೋಗಿ, ಕೆಲವು ವರ್ತಕರ ಲೆಕ್ಕ ಬರೆಯುವವನಾಗಿ ಪಟ್ಟಣಕ್ಕೆ ಬರುತ್ತಾನೆ. ಅಲ್ಲಿ ಪರೀಕ್ಷಾ ಭವನವನ್ನು ನೋಡುವ ಆಸೆ. ಒಳಗೆ ಸಾಲುಸಾಲಾಗಿ ಸಣ್ಣ ಗೂಡುಗಳು. ಪ್ರತಿಯೊಂದು ಗೂಡಿನಲ್ಲಿ ಎರಡು ಹಲಗೆ, ಒಂದು ಕೂರುವುದಕ್ಕೆ, ಒಂದು ಬರೆಯುವುದಕ್ಕೆ. ಆ ಹಲಗೆಗಳನ್ನು ಕಂಡದ್ದೇ ತಡ, ಮುದುಕ ತಲೆಯನ್ನು ಹಲಗೆಗೆ ಚಚ್ಚಿಕೊಂಡು ಮೂರ್ಛೆ ಹೋಗುತ್ತಾನೆ. ಎಚ್ಚರವಾದ ಮೇಲೆ ಒಂದು ಗೂಡಿನಿಂದ ಇನ್ನೊಂದಕ್ಕೆ ಹೋಗಿ ಹೋಗಿ ಅಳುತ್ತಾನೆ. ಮರುಕಗೊಂಡ ವರ್ತಕರು ಚಂದಾ ಎತ್ತಿ, ದುಡ್ಡು ಕಟ್ಟಿ, ಅವನು ಪರೀಕ್ಷೆಗೆ ಕೂರುವ ಅರ್ಹತೆಯನ್ನು ಕೊಂಡುಕೊಡುತ್ತಾರೆ. ಅವನು ಪಾಸಾಗುತ್ತಾನೆ, ಮುಂದೆ ತಾನೇ ಪರೀಕ್ಷಾಧಿಕಾರಿಯಾಗಿ ಕ್ಯಾಂಟನ್ನಿಗೆ ಬರುತ್ತಾನೆ.

ಅಲ್ಲಿ, ಚಳಿಗಾಲದಲ್ಲಿ ಹರಕು ನಾರಿನ ಅಂಗಿ ತೊಟ್ಟು ನಡುಗುತ್ತಿರುವ ಫಾನ್ ಜಿನ್ ಎಂಬುವನು ತನ್ನ ಉತ್ತರವನ್ನು ತಂದೊಪ್ಪಿಸುತ್ತಾನೆ. ದಾಖಲೆಯಲ್ಲಿ ವಯಸ್ಸು ಮೂವತ್ತು. ಕೇಳಿದರೆ ಐವತ್ತನಾಲ್ಕು ಎನ್ನುತ್ತಾನೆ. ಇಪ್ಪತ್ತನೆಯ ವಯಸ್ಸಿನಿಂದ ಇಪ್ಪತ್ತಕ್ಕೂ ಹೆಚ್ಚು ಸಲ ಕೂತಿದ್ದಾನೆ. ಚೌ ಜಿನ್ ಅವನ ಪ್ರಬಂಧವನ್ನು ಓದುತ್ತಾನೆ. ತಲೆಬುಡ ತಿಳಿಯುವುದಿಲ್ಲ; ಇವನು ಪಾಸಾಗದಿದ್ದುದರಲ್ಲಿ ಆಶ್ಚರ್ಯವಿಲ್ಲ ಎಂದು ಬದಿಗಿಡುತ್ತಾನೆ. ಬೇರೆ ಯಾರೂ ಇನ್ನೂ ಬರೆದು ಮುಗಿಸಿಲ್ಲ. ಹೊತ್ತು ಹೋಗಬೇಕಲ್ಲ, ಇನ್ನೊಂದು ಸಲ ಓದುತ್ತಾನೆ. ಏನೋ ಸ್ವಲ್ಪ ಇದೆ ಎನ್ನಿಸುತ್ತದೆ. ಮೂರನೆಯ ಸಲ ಓದುತ್ತಾನೆ. ಈಗ ಒಂದೊಂದು ಅಕ್ಷರವೂ ಮುತ್ತು! ಕುರುಡು ಪರೀಕ್ಷಕರು ಇಂಥ ಎಷ್ಟು ಜನ ಪ್ರತಿಭಾವಂತರನ್ನು ಹೂತುಹಾಕಿದ್ದಾರೋ ಎಂದು ನಿಟ್ಟುಸಿರು ಬಿಟ್ಟು, ಅವನಿಗೆ ಮೊದಲ ಸ್ಥಾನ ಕೊಡುತ್ತಾನೆ.

ಪ್ರಬಂಧ ನಿಜವಾಗಿ ಚೆನ್ನಾಗಿತ್ತೇ? ಅಥವಾ ಮುದುಕನಿಗೆ ಆ ಹರಕು ಅಂಗಿಯಲ್ಲಿ ತನ್ನ ಹಳೆಯ ಮುಖವೇ ಕಂಡಿತೇ? ಕಾದಂಬರಿಕಾರ ಹೇಳುವುದಿಲ್ಲ. ಆ ಪ್ರಬಂಧದ ಒಂದು ಸಾಲನ್ನೂ ನಮಗೆ ತೋರಿಸುವುದಿಲ್ಲ. ಮಹಾ ತುಂಟ! ಓದುಗನು ನಗಬೇಕೋ ಅಳಬೇಕೋ ತಿಳಿಯದೆ ಪುಟ ತಿರುವಬೇಕು, ಅಷ್ಟೇ. ನಾವಂತೂ ಮೂರು ಸಲ ಓದುವುದಿಲ್ಲ. ನಮಗೆ ದಿನಕ್ಕೆ ಇಷ್ಟು ಪತ್ರಿಕೆ ಎಂದು ಲೆಕ್ಕ. ಸಂಜೆ ಊರಿನ ಬಸ್ಸು ತಪ್ಪಬಾರದು.

ಈ ತುಂಟನ ಹೆಸರು ವೂ ಜಿಂಗ್‌ಜಿ. ಚೀನಾದವರೆಂದರೆ ನಮ್ಮ ಜನಕ್ಕೆ ತಟ್ಟನೆ ನೆನಪಾಗುವವನು ಇಮ್ಮಡಿ ಪುಲಕೇಶಿಯ ರಾಜ್ಯದ ವಿಚಾರ ಬರೆದಿಟ್ಟ ಹ್ಯೂಯೆನ್ ತ್ಸಾಂಗ್ ಒಬ್ಬನೇ. ಸ್ವಲ್ಪ ಹೆಚ್ಚು ಓದಿದವರು ‘ಕೆಂಪು ಮಹಡಿಯ ಕನಸು’ ಎಂಬ ಕಾದಂಬರಿಯ ಹೆಸರು ಕೇಳಿರಬಹುದು. ವೂ ಜಿಂಗ್‌ಜಿಯ ಹೆಸರು ನಾನೂ ಕೇಳಿರಲಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಹುಡುಕುತ್ತಿದ್ದಾಗ, ‘ವಿದ್ವಾಂಸರು’ ಎಂಬ ಅರ್ಥದ ಇಂಗ್ಲಿಷ್ ಹೆಸರಿನ ದಪ್ಪ ಪುಸ್ತಕವೊಂದು ಕೈಗೆ ಸಿಕ್ಕಿತು. ವಿದ್ವಾಂಸರ ಮೇಲೆ ಬರೆದ ಪುಸ್ತಕವನ್ನು ಮೇಷ್ಟರಾದವನು ಕೊಳ್ಳದೆ ಇರುವುದು ಹೇಗೆ? ಚೀನೀ ಭಾಷೆಯಲ್ಲಿ ಅದರ ಹೆಸರು ‘ರೂಲಿನ್ ವಾಯ್‌ಷೀ’, ಎಂದರೆ ವಿದ್ವಾಂಸರ ಕಾಡಿನ ಅನಧಿಕೃತ ಇತಿಹಾಸ. ಅನುವಾದಿಸಿದವರು ಯಾಂಗ್ ಷಿಯೆನ್‌ಯಿ ಮತ್ತು ಅವರ ಹೆಂಡತಿ ಗ್ಲಾಡಿಸ್ ಯಾಂಗ್. ಮೊದಲು ಪ್ರಕಟವಾದದ್ದು 1957ರಲ್ಲಿ, ಪೀಕಿಂಗಿನಿಂದ. ಆ ದಂಪತಿಗಳ ಕಥೆಯೇ ಒಂದು ಕಾದಂಬರಿಯಾದೀತು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ, 1968ರಲ್ಲಿ, ಇಬ್ಬರನ್ನೂ ಹಿಡಿದು ನಾಲ್ಕು ವರ್ಷ ಬೇರೆಬೇರೆಯಾಗಿ ಸೆರೆಯಲ್ಲಿಟ್ಟರು. ವಿದ್ವಾಂಸರ ಪಾಡು ಬರೆದವನಿಗೂ ಸುಖವಿರಲಿಲ್ಲ, ಅನುವಾದಿಸಿದವರಿಗೂ ಇರಲಿಲ್ಲ.

ವೂ ಜಿಂಗ್‌ಜಿ ಹುಟ್ಟಿದ್ದು 1701ರಲ್ಲಿ, ಆನ್‌ಹುಯಿ ಪ್ರಾಂತ್ಯದ ಚುವಾನ್‌ಜಿಯಾವ್ ಎಂಬ ಊರಿನಲ್ಲಿ. ಪರೀಕ್ಷೆಗಳಿಂದಲೇ ಮೇಲೆ ಬಂದ ಮನೆತನ. ಮುತ್ತಜ್ಜ ಮತ್ತು ಅವನ ಸೋದರರು ಐವರು. ಅವರಲ್ಲಿ ನಾಲ್ವರು ಅತ್ಯುನ್ನತ ಪದವಿಯಾದ ‘ಜಿನ್‌ಷೀ’ ಪಡೆದವರು. ಮುತ್ತಜ್ಜನಂತೂ 1658ರಲ್ಲಿ ಇಡೀ ಸಾಮ್ರಾಜ್ಯಕ್ಕೆ ಮೂರನೆಯವನಾಗಿ ಬಂದವನು. ಇಂಥ ಮನೆಯಲ್ಲಿ ಹುಟ್ಟಿದ ಹುಡುಗನ ಹಣೆಯಲ್ಲಿ ಏನು ಬರೆದಿರಬೇಕೆಂದು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು. ಹದಿಮೂರಕ್ಕೆ ತಾಯಿ ತೀರಿದಳು. ಸಣ್ಣ ಊರೊಂದರಲ್ಲಿ ಅಧ್ಯಾಪಕ ಹುದ್ದೆಯಲ್ಲಿದ್ದ ತಂದೆ ಆ ಹುದ್ದೆಯನ್ನು ಕಳೆದುಕೊಂಡು 1723ರಲ್ಲಿ ತೀರಿಕೊಂಡ. ದಾಯಾದಿಗಳು ಆಸ್ತಿಗೆ ಮುತ್ತಿದರು. ಉಳಿದದ್ದನ್ನು ಇವನೇ ಕೇಳಿದವರಿಗೆ ಕೊಟ್ಟು, ಕುಡಿದು, ಹಾಡಿ ಕಳೆದ. ಊರವರು ತಮ್ಮ ಮಕ್ಕಳಿಗೆ ‘ಇವನ ಹಾಗೆ ಆಗಬೇಡಿರಪ್ಪ’ ಎಂದು ತೋರಿಸುವ ಉದಾಹರಣೆಯಾದ. ಈ ಬೈಗುಳವನ್ನೂ ಅವನು ವ್ಯರ್ಥ ಮಾಡಲಿಲ್ಲ. ಕಾದಂಬರಿಯಲ್ಲಿ ತನ್ನನ್ನೇ ಹೋಲುವ ದೂ ಶಾವ್‌ಚಿಂಗ್ ಎಂಬ ಪಾತ್ರದ ತಲೆಗೆ ಕಟ್ಟಿದ.

ಅವನು ಪಡೆದದ್ದು ಮೊದಲ ಮೆಟ್ಟಿಲಿನ ‘ಶ್ಯೂಚಾಯ್’ ಪದವಿಯೊಂದನ್ನು ಮಾತ್ರ. ಅದರ ಮೇಲೆ ಪ್ರಾಂತ್ಯದ ಪರೀಕ್ಷೆ, ಅದರ ಮೇಲೆ ರಾಜಧಾನಿಯದು. ಪ್ರಾಂತ್ಯದ ಪರೀಕ್ಷೆ ಮೂರು ವರ್ಷಕ್ಕೊಮ್ಮೆ. ಸಾವಿರಾರು ಜನ ಬರೆದರೆ ಆಯ್ಕೆಯಾಗುತ್ತಿದ್ದವರು ನೂರರ ಆಸುಪಾಸು. ಬರೆಯಬೇಕಾಗಿದ್ದುದು ‘ಎಂಟು ಕಾಲಿನ ಪ್ರಬಂಧ’. ಕನ್‌ಫ್ಯೂಷಿಯಸ್ಸನ ಗ್ರಂಥಗಳಿಂದ ಒಂದು ವಾಕ್ಯ ಕೊಡುತ್ತಾರೆ. ಅದನ್ನು ಗೊತ್ತಾದ ಭಾಗಗಳಲ್ಲಿ, ಜೋಡಿಜೋಡಿ ವಾಕ್ಯಗಳಲ್ಲಿ, ಹಳೆಯ ಋಷಿಗಳೇ ಮಾತಾಡುತ್ತಿರುವಂತೆ ವಿಸ್ತರಿಸಬೇಕು. ಸ್ವಂತ ಮಾತು ಹೇಳಿದವನು ಕೆಟ್ಟ. ನಮ್ಮ ‘ಈ ಮಾತನ್ನು ಸಂದರ್ಭ ಸಹಿತ ವಿವರಿಸಿ’ ಎಂಬುದು ಅದರ ದೂರದ ನೆಂಟನೋ ಏನೋ! ಹಾಗೆಂದು ಪೂರ್ತಿ ತಮಾಷೆಯೂ ಅಲ್ಲ. ಬ್ರಿಟಿಷರು 1855ರಲ್ಲಿ ಇಂಡಿಯಾದ ಸಿವಿಲ್ ಸರ್ವೀಸಿಗೆ ಸ್ಪರ್ಧಾ ಪರೀಕ್ಷೆ ಇಟ್ಟರಲ್ಲ, ಆ ಕಾಲದ ಇಂಗ್ಲೆಂಡಿನ ಚರ್ಚೆಗಳಲ್ಲಿ ಚೀನಾದ ಉದಾಹರಣೆಯನ್ನು ಎತ್ತಿದವರಿದ್ದರು. ಆ ಹಲಗೆಯ ಗೂಡುಗಳಿಗೂ ನಮಗೂ ಅಷ್ಟು ದೂರವೇನಿಲ್ಲ.

1733ರಲ್ಲಿ ವೂ ಜಿಂಗ್‌ಜಿ ಊರು ಬಿಟ್ಟು ನಾನ್‌ಜಿಂಗಿಗೆ ಬಂದು, ಚಿನ್‌ಹುವಾಯ್ ಹೊಳೆಯ ದಂಡೆಯಲ್ಲಿ ಮನೆ ಮಾಡಿದ. ಅದೇ ಹೊಳೆಯ ಬಳಿಯಲ್ಲಿ ದೇಶದ ಅತಿ ದೊಡ್ಡ ಪರೀಕ್ಷಾ ಭವನ. ಅದು ಬೆಳೆದು ನಿಂತ ಕಾಲದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗೂಡುಗಳಿದ್ದವು. ದಿನವೂ ಕಣ್ಣ ಮುಂದೆ ಅದು. 1736ರಲ್ಲಿ ಚಕ್ರವರ್ತಿಯೇ ಕರೆದ ವಿಶೇಷ ಪರೀಕ್ಷೆಗೆ ಇವನ ಹೆಸರನ್ನು ಮೇಲಿನವರು ಸೂಚಿಸಿದರು. ಇವನು ಕಾಯಿಲೆಯೆಂದು ಹೋಗಲಿಲ್ಲ. ಕಾಯಿಲೆ ನಿಜವೋ ನೆಪವೋ ಎಂದು ಪಂಡಿತರು ಜಗಳವಾಡಿದ್ದಾರೆ, ಆಡಲಿ. ಆಮೇಲೆ ಅವನು ಪರೀಕ್ಷೆಯ ತಂಟೆಗೆ ಹೋಗಲಿಲ್ಲ. ಪ್ರಾಚೀನ ಸತ್ಪುರುಷರ ಗುಡಿಯೊಂದನ್ನು ಜೀರ್ಣೋದ್ಧಾರ ಮಾಡಿಸುವುದಕ್ಕಾಗಿ ಊರಿನ ಮನೆಯನ್ನೂ ಮಾರಿದ.

ಮುಂದಿನದು ಶುದ್ಧ ಬಡತನ. ಅದರ ವಿಚಾರ ನಮಗೆ ತಿಳಿದಿರುವುದು ಅವನ ಕಿರಿಯ ಸ್ನೇಹಿತ ಚೆಂಗ್ ಜಿನ್‌ಫಾಂಗ್ ಬರೆದ ಪುಟ್ಟ ಜೀವನಚರಿತ್ರೆಯಿಂದ. ಒಂದು ಸಲ ಮೂರು ನಾಲ್ಕು ದಿನ ಎಡೆಬಿಡದೆ ಮಳೆ. ಅಕ್ಕಿಯ ಬೆಲೆ ಏರಿತ್ತು. ಚೆಂಗನ ಹಿರಿಯ ಬಂಧುವೊಬ್ಬರು, ಆ ವೂ ಏನು ತಿನ್ನುತ್ತಿದ್ದಾನೋ ನೋಡಿ ಬಾ ಎಂದು ಅಕ್ಕಿ, ಹಣ ಕೊಟ್ಟು ಕಳಿಸಿದರು. ಹೋಗಿ ನೋಡಿದರೆ ಆತ ಊಟ ಮಾಡಿ ಎರಡು ದಿನವಾಗಿತ್ತು. ಹಣ ಕೈಗೆ ಬಂದದ್ದೇ ಮತ್ತೆ ಕುಡಿತ, ಹಾಡು, ನಾಳೆಯ ಯೋಚನೆಯಿಲ್ಲ. ಇನ್ನು ಚಳಿಗಾಲದ ರಾತ್ರಿಗಳು. ಇದ್ದಲಿಗೆ ದುಡ್ಡಿಲ್ಲ. ಐದಾರು ಜನ ಗೆಳೆಯರನ್ನು ಕಟ್ಟಿಕೊಂಡು ಬೆಳುದಿಂಗಳಲ್ಲಿ ದಕ್ಷಿಣದ ಬಾಗಿಲಿನಿಂದ ಹೊರಟು, ಊರಿನ ಕೋಟೆಯನ್ನು ಸುತ್ತುತ್ತ ಹಾಡುತ್ತ ಕೇಕೆ ಹಾಕುತ್ತ ಮೈಲಿಗಟ್ಟಲೆ ನಡೆದು, ಬೆಳಗಾಗುವ ಹೊತ್ತಿಗೆ ಇನ್ನೊಂದು ಬಾಗಿಲಿನಿಂದ ಒಳಗೆ ಬಂದು, ನಕ್ಕು ಬೇರೆಯಾಗುತ್ತಿದ್ದರು. ಇದು ದಿನವೂ ನಡೆಯುತ್ತಿತ್ತು. ಇದಕ್ಕೆ ಅವನು ಇಟ್ಟ ಹೆಸರು ‘ಕಾಲು ಬೆಚ್ಚಗೆ ಮಾಡಿಕೊಳ್ಳುವುದು’. ಆ ಕಾಲುಗಳು ಬೆಚ್ಚಗಾಗುತ್ತಿದ್ದ ವರ್ಷಗಳಲ್ಲೇ ಕಾದಂಬರಿ ಬೆಳೆಯುತ್ತಿತ್ತು. 1750ರ ಸುಮಾರಿಗೆ ಮುಗಿಯಿತು. ಅವನು ಬದುಕಿರುವಾಗ ಕೈಬರಹದಲ್ಲಿಯೇ ಓಡಾಡಿತು. ಈಗ ಉಳಿದಿರುವ ಅತ್ಯಂತ ಹಳೆಯ ಮುದ್ರಣ 1803ರದು.

ಫಾನ್ ಜಿನ್‌ನನ್ನು ಮರೆತೆ. ಅವನ ಮಾವ ಹೂ ಎಂಬ ಕಟುಕ. ಅಳಿಯ ಮೊದಲ ಪರೀಕ್ಷೆ ಪಾಸಾದಾಗ ಹಂದಿಯ ಕರುಳು, ಹೆಂಡ ತಂದು, ತಾನೇ ಅರ್ಧ ತಿಂದು ಕುಡಿದು, ಮನಸಾರೆ ಬೈದು ಹೋಗುತ್ತಾನೆ. ಪ್ರಾಂತ್ಯದ ಪರೀಕ್ಷೆಗೆ ಹೋಗಲು ಅಳಿಯ ದಾರಿಯ ಖರ್ಚು ಕೇಳಿದರೆ ಮುಖಕ್ಕೆ ಉಗಿದು, ಕಪ್ಪೆಗೆ ಹಂಸದ ಮಾಂಸದ ಆಸೆಯೇ ಎಂದು ಕೂಗಾಡುತ್ತಾನೆ. ಫಾನ್ ಜಿನ್ ಮಾವನಿಗೆ ತಿಳಿಯದಂತೆ ಹೋಗಿ ಬರೆದು ಬರುತ್ತಾನೆ. ಫಲಿತಾಂಶದ ದಿನ ಮನೆಯಲ್ಲಿ ಅಕ್ಕಿಯಿಲ್ಲ. ಮೊಟ್ಟೆಯಿಡುವ ಒಂದು ಹೇಂಟೆಯಿದೆ. ತಾಯಿ ಅದನ್ನು ಮಾರಿ ಬಾ ಎಂದು ಸಂತೆಗೆ ಕಳಿಸುತ್ತಾಳೆ. ಅವನು ಕೋಳಿಯನ್ನು ಅಪ್ಪಿಕೊಂಡು ಗಿರಾಕಿಗಾಗಿ ನಿಂತಿರುವಾಗ ಮನೆಗೆ ಕುದುರೆಯ ಮೇಲೆ ಸುದ್ದಿ ಬರುತ್ತದೆ. ಓಡಿ ಬಂದು ಕರೆದ ನೆರೆಯವನ ಮಾತನ್ನು ಅವನು ನಂಬುವುದಿಲ್ಲ. ಗೇಲಿ ಮಾಡಬೇಡ, ಅಕ್ಕಿ ಕೊಳ್ಳಬೇಕು ಎನ್ನುತ್ತಾನೆ. ಮನೆಗೆ ಎಳೆದು ತಂದು ಗೋಡೆಯ ಮೇಲಿನ ಕಾಗದವನ್ನು ತೋರಿಸಿದರೆ, ಚಪ್ಪಾಳೆ ತಟ್ಟಿ ‘ಪಾಸಾದೆ!’ ಎಂದವನು ನೆಲಕ್ಕೆ ಬಿದ್ದ. ಎದ್ದವನಿಗೆ ಹುಚ್ಚು. ಕೊಳದಲ್ಲಿ ಬಿದ್ದು, ಕೆಸರಾಗಿ, ಒಂದು ಕಾಲಿನ ಮೆಟ್ಟು ಕಳೆದುಕೊಂಡು ಸಂತೆಯ ಕಡೆಗೆ ಓಡಿದ. ಅವನು ಯಾರಿಗೆ ಹೆದರುತ್ತಾನೋ ಅವರಿಂದ ಒಂದು ಏಟು ಬಿದ್ದರೆ ಸರಿಹೋದೀತು ಎಂದು ಯಾರೋ ಉಪಾಯ ಹೇಳಿದರು. ಹೆದರುತ್ತಿದ್ದುದು ಮಾವನಿಗೆ. ಮಾವನೋ ಈಗ ಗಡಗಡ ನಡುಗುತ್ತಿದ್ದಾನೆ: ಅಳಿಯ ಈಗ ಆಕಾಶದ ನಕ್ಷತ್ರ, ಹೊಡೆದರೆ ಯಮರಾಜ ಕಬ್ಬಿಣದ ಸಲಾಕೆಯಿಂದ ನೂರು ಏಟು ಕೊಡುತ್ತಾನೆ! ಎರಡು ಬಟ್ಟಲು ಹೆಂಡ ಕುಡಿದು ಧೈರ್ಯ ತಂದುಕೊಂಡು ಒಂದು ಬಾರಿಸಿದ. ಹುಚ್ಚು ಇಳಿಯಿತು. ಆದರೆ ಕಟುಕನ ಬೆರಳುಗಳು ಬಾಗಲೊಲ್ಲವು. ದೇವರಿಗೆ ಹೊಡೆದ ಪಾಪವೆಂದು ಪಟ್ಟು ಹಾಕಿಸಿಕೊಂಡ.

ಈ ಕಥೆಯನ್ನು ನಾನು ಒಂದು ದಿನ ತರಗತಿಯಲ್ಲಿ ಹೇಳಿದೆ. ಕಡೆಯ ವರ್ಷದ ಹುಡುಗರು, ಮಧ್ಯಾಹ್ನದ ಪೀರಿಯಡ್ಡು, ನಿದ್ದೆ ಹೋಗಲಿ ಎಂದು. ಅಭಿನಯ ಮಾಡಿಯೇ ಹೇಳಿದೆನೆನ್ನಿ. ಕಟುಕನ ಏಟಿನ ಹೊತ್ತಿಗೆ ತರಗತಿ ಗೊಳ್ಳೆನ್ನುತ್ತದೆಂದು ಕಾದೆ. ಯಾರೂ ನಗಲಿಲ್ಲ. ಅವರಲ್ಲಿ ಅರ್ಧ ಜನ ಆಗಲೇ ಒಂದಲ್ಲ ಒಂದು ನೇಮಕಾತಿಯ ಪರೀಕ್ಷೆಗೆ ಓದುತ್ತಿದ್ದರು ಎಂಬುದು ನನಗೆ ಆಗ ಹೊಳೆಯಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸಾರ್, ಅವನು ಪಾಸಾಗದೆ ಇದ್ದಿದ್ದರೆ?” ಎಂದಳು.

ನಾನು ಏನೋ ಹಾರಿಕೆಯ ಉತ್ತರ ಕೊಟ್ಟೆ. ಗಂಟೆ ಹೊಡೆಯಿತು.

ಪಾಸಾಗದೆ ಇದ್ದವನೊಬ್ಬ ನನ್ನ ಮನೆಯಲ್ಲೇ ಇದ್ದ, ನನ್ನ ಅಣ್ಣ. ನಮ್ಮ ತಂದೆ ಪ್ರಾಥಮಿಕ ಶಾಲೆಯ ಮೇಷ್ಟರು. ಅಣ್ಣ ಅಧಿಕಾರಿಯಾಗಿ ಜೀಪಿನಲ್ಲಿ ಊರಿಗೆ ಬರುವುದನ್ನು ನೋಡಿ ಕಣ್ಣು ಮುಚ್ಚಬೇಕೆಂಬುದು ಅವರ ಆಸೆ. ಅಣ್ಣ ಸರ್ಕಾರಿ ಹುದ್ದೆಯ ಪರೀಕ್ಷೆಗೆ ಮತ್ತೆ ಮತ್ತೆ ಕೂತ. ನನಗೆ ಎಂ.ಎ. ಆಯಿತು, ಮೊದಲ ದರ್ಜೆ ಬಂತು, ಕೆಲಸವಾಯಿತು. ಅಣ್ಣ ಓದುತ್ತಲೇ ಇದ್ದ. ವಯಸ್ಸಿನ ಮಿತಿ ಮೀರುವುದಕ್ಕೆ ಮುಂಚಿನ ಕೊನೆಯ ಸಲ, ಬೆಂಗಳೂರಿನಲ್ಲಿ ಎರಡು ತಿಂಗಳು ಇದ್ದು ಓದಬೇಕೆಂದು ನನ್ನ ಬಳಿ ಸ್ವಲ್ಪ ಹಣ ಕೇಳಿದ. ನಾನು ಕಟುಕನಲ್ಲ, ಉಪನ್ಯಾಸಕ. ಉಗಿಯಲಿಲ್ಲ. ಹಣವನ್ನು ಎಣಿಸಿ ಮೇಜಿನ ಮೇಲಿಟ್ಟು, ಅರ್ಧ ಗಂಟೆ ಹಿತವಚನ ಹೇಳಿದೆ. ವಾಸ್ತವವನ್ನು ಒಪ್ಪಿಕೊಳ್ಳಬೇಕು, ಮನೆಯ ಜವಾಬ್ದಾರಿಯಿದೆ, ಎಲ್ಲರಿಗೂ ಎಲ್ಲವೂ ಸಿಕ್ಕುವುದಿಲ್ಲ, ಇತ್ಯಾದಿ. ತುಂಬ ಸೊಗಸಾಗಿ ಮಾತಾಡಿದೆನೆಂದು ಆಗ ನನಗೇ ಅನ್ನಿಸಿತ್ತು. ಅಣ್ಣ ಎಲ್ಲವನ್ನೂ ಕೇಳಿ, ಕಾಫಿ ಕುಡಿದು, ಹೊರಟುಹೋದ. ಹಣ ಮೇಜಿನ ಮೇಲೆಯೇ ಇತ್ತು. ಅದೆಲ್ಲಿಂದ ದುಡ್ಡು ಹೊಂದಿಸಿಕೊಂಡನೋ, ಹೋಗಿ ಬರೆದ. ಆಗಲಿಲ್ಲ. ತಂದೆ ಅನಂತರ ಬದುಕಿದ್ದ ಎರಡು ವರ್ಷ ಅವನ ಕೂಡ ಊಟಕ್ಕೆ ಕೂರಲಿಲ್ಲ.

ವೂ ಜಿಂಗ್‌ಜಿಯನ್ನು ವಿಡಂಬನಕಾರನೆಂದು ಕರೆಯುವುದು ವಾಡಿಕೆ. ಚೀನಾದ ಕಥಾಸಾಹಿತ್ಯದಲ್ಲಿ ನಿಜವಾದ ವಿಡಂಬನೆ ಇವನಿಂದಲೇ ಮೊದಲಾಯಿತೆಂದು, ತನ್ನ ದೇಶದ ಕಥಾಸಾಹಿತ್ಯದ ಚರಿತ್ರೆಯನ್ನು ಬರೆದ ಲೂ ಷುನ್ ಹೇಳಿದ್ದಾನೆ. ಆತನೇ 1919ರಲ್ಲಿ ಪರೀಕ್ಷೆ ಪಾಸಾಗದ ಕುಂಗ್ ಯೀಜಿ ಎಂಬ ಹೆಂಡದಂಗಡಿಯ ಪಂಡಿತನ ಮೇಲೆ ಬರೆದ ಕಥೆಯನ್ನು ಓದಿದರೆ, ಯಾರ ಬೆಂಕಿಯಿಂದ ಯಾರು ದೀಪ ಹಚ್ಚಿಕೊಂಡರೆಂಬುದು ತಿಳಿಯುತ್ತದೆ. ಆದರೆ ವಿಡಂಬನೆ ಎಂಬ ಮಾತು ನನಗೆ ಸಾಲದೆನ್ನಿಸುತ್ತದೆ. ಯೆನ್ ಎಂಬ ಜಿಪುಣನ ಸಾವನ್ನೇ ನೋಡಿ. ಮಾತು ನಿಂತಿದೆ, ಎರಡು ಬೆರಳು ಎತ್ತಿ ಹಿಡಿದಿದ್ದಾನೆ, ಪ್ರಾಣ ಹೋಗದು. ಇಬ್ಬರು ನೆಂಟರೇ, ಎರಡು ಗಂಟು ಬೆಳ್ಳಿಯೇ ಎಂದು ಸುತ್ತಲಿದ್ದವರು ಕೇಳುತ್ತಾರೆ. ಹೆಂಡತಿಗೆ ಮಾತ್ರ ತಿಳಿಯಿತು: ದೀಪದಲ್ಲಿ ಎರಡು ಬತ್ತಿ ಉರಿಯುತ್ತಿವೆ. ಒಂದನ್ನು ತೆಗೆದಳು, ಅವನು ತಲೆಯಾಡಿಸಿ ಸತ್ತ. ಇಲ್ಲಿ ಎಲ್ಲರೂ ನಗುತ್ತಾರೆ. ನನಗೆ ಆ ಹೆಂಡತಿಯದೇ ನೆನಪು. ಅವನ ಮನಸ್ಸನ್ನು ಅಷ್ಟು ಚೆನ್ನಾಗಿ ಬಲ್ಲವಳು ಒಬ್ಬಳಿದ್ದಳಲ್ಲ!

ಪರೀಕ್ಷೆಗೆ ಮಾದರಿ ಪ್ರಬಂಧಗಳನ್ನು ಆರಿಸಿ ಪ್ರಕಟಿಸುವುದೇ ಕಸುಬಾದ ಮಾ ಎಂಬ ಪಂಡಿತನಿದ್ದಾನೆ. ಕನ್‌ಫ್ಯೂಷಿಯಸ್ಸನೇ ಈ ಕಾಲದಲ್ಲಿ ಹುಟ್ಟಿದ್ದರೂ ಪರೀಕ್ಷೆಯ ಪ್ರಬಂಧವನ್ನೇ ಬರೆಯುತ್ತಿದ್ದನೆಂದು ಅವನ ನಂಬಿಕೆ. ಸುಂದರವಾದ ಸರೋವರದ ದಂಡೆಯಲ್ಲಿ ಇಡೀ ದಿನ ತಿರುಗಿದರೂ ಅವನಿಗೆ ಕಾಣುವುದು ತಿಂಡಿಯಂಗಡಿಗಳೇ. ಆದರೆ ಗೆಳೆಯ ಕಷ್ಟದಲ್ಲಿದ್ದಾನೆಂದರೆ ಕೈಯಲ್ಲಿದ್ದುದನ್ನೆಲ್ಲ ಸುರಿಯುವವನೂ ಅವನೇ. (ನಾನೂ ಒಮ್ಮೆ ಪರೀಕ್ಷೆಯ ಗೈಡು ಬರೆದಿದ್ದೇನೆ, ಹೆಸರು ಹಾಕಿಸಲಿಲ್ಲ. ಆ ದುಡ್ಡಿನಲ್ಲಿ ಯಾವ ಗೆಳೆಯನನ್ನೂ ಉಳಿಸಲಿಲ್ಲ, ಫ್ರಿಜ್ಜು ಕೊಂಡೆ.)

ಇನ್ನು ವಾಂಗ್ ಯೂಹುಯಿ. ಮೂವತ್ತು ವರ್ಷದಿಂದ ಮೊದಲ ಮೆಟ್ಟಿಲಿನಲ್ಲೇ ನಿಂತ ಬಡ ವಿದ್ವಾಂಸ. ಗಂಡ ಸತ್ತ ಮಗಳು ತಾನೂ ಊಟ ಬಿಟ್ಟು ಸಾಯುತ್ತೇನೆಂದಾಗ, ಶಾಸ್ತ್ರ ಓದಿದ ತಂದೆ ಒಪ್ಪುತ್ತಾನೆ. ಎಂಟು ದಿನಕ್ಕೆ ಅವಳು ಸಾಯುತ್ತಾಳೆ. ಹೆಂಡತಿ ಹೊರಳಾಡಿ ಅಳುತ್ತಿದ್ದರೆ ಇವನು ಆಕಾಶ ನೋಡಿ ನಕ್ಕು, ಒಳ್ಳೆಯ ಸಾವು ಎನ್ನುತ್ತಾನೆ. ಊರಿನ ವಿದ್ವಾಂಸರೆಲ್ಲ ಸೇರಿ ಅವಳಿಗೆ ಗುಡಿಯಲ್ಲಿ ಗೌರವ ಸಲ್ಲಿಸುವ ದಿನ ಮಾತ್ರ ಅವನಿಗೆ ಯಾಕೋ ಅಲ್ಲಿಗೆ ಹೋಗಲಾಗುವುದಿಲ್ಲ. ಮನೆಯಲ್ಲಿಯೂ ಇರಲಾರದೆ ಪ್ರಯಾಣ ಹೊರಡುತ್ತಾನೆ. ಸೂಚೌ ಪಟ್ಟಣದಲ್ಲಿ ದೋಣಿಯೊಂದರಲ್ಲಿ ಬಿಳಿಯ ಬಟ್ಟೆಯುಟ್ಟ ಹುಡುಗಿಯೊಬ್ಬಳು ಕಾಣುತ್ತಾಳೆ. ಅಷ್ಟೇ. ಮುದುಕನ ಗಂಟಲು ಕಟ್ಟಿ ಕಣ್ಣೀರು ಧಾರೆಯಾಗುತ್ತದೆ. ಲೇಖಕ ಅಲ್ಲಿ ಒಂದು ಮಾತೂ ಆಡುವುದಿಲ್ಲ. ನಮ್ಮ ತಂದೆಯ ಕೊನೆಯ ಎರಡು ವರ್ಷ ನನಗೆ ಅರ್ಥವಾದದ್ದು, ಆದಷ್ಟು, ಆ ಪುಟದಲ್ಲಿ.

ವೂ ಜಿಂಗ್‌ಜಿ 1754ರಲ್ಲಿ ಯಾಂಗ್‌ಚೌ ಪಟ್ಟಣಕ್ಕೆ ಹೋಗಿದ್ದ. ಅಲ್ಲಿ ಚೆಂಗ್ ಜಿನ್‌ಫಾಂಗ್ ಸಿಕ್ಕಿದ. ಸಿರಿವಂತ ಉಪ್ಪಿನ ವರ್ತಕರ ಮನೆಯವನು ಈಗ ಅವನೂ ಬಡವನಾಗಿದ್ದ. ವೂ ಅವನ ಕೈ ಹಿಡಿದುಕೊಂಡು ಅತ್ತ: ನೀನೂ ನನ್ನ ಸ್ಥಿತಿಗೆ ಬಂದೆಯಲ್ಲ, ಈ ಸ್ಥಿತಿಯಲ್ಲಿ ಇರುವುದು ಸುಲಭವಲ್ಲ. ತನಗಾಗಿ ಅತ್ತ ದಾಖಲೆ ಎಲ್ಲಿಯೂ ಇಲ್ಲ. ಕೆಲವು ದಿನಗಳ ಮೇಲೆ ಗೆಳೆಯರೊಡನೆ ಕುಡಿದು, ಹರಟಿ, ಮಲಗಿದ ಸ್ವಲ್ಪ ಹೊತ್ತಿಗೆ ಹೋಗಿಬಿಟ್ಟ. ಹೆಣದ ಪೆಟ್ಟಿಗೆಗೆ ಮಿತ್ರರೇ ದುಡ್ಡು ಹಾಕಬೇಕಾಯಿತು. ಚೆಂಗನಿಗೆ ಒಂದು ಕೊರಗು ಉಳಿದಿತ್ತು. ಪದ್ಯವೊಂದರಲ್ಲಿ ಅದನ್ನು ತೋಡಿಕೊಂಡಿದ್ದಾನೆ. ಇಂಥ ವಿದ್ವಾಂಸನ ಹೆಸರು ಕೊನೆಗೆ ಒಂದು ಕಟ್ಟುಕಥೆಯಿಂದ ಉಳಿಯಬೇಕಾಯಿತಲ್ಲ ಎಂದು! ಪಾಪ, ಅವನ ಪ್ರೀತಿ ದೊಡ್ಡದು. ತೀರ್ಪು ಮಾತ್ರ ತಪ್ಪಾಯಿತು. ಚೀನಾದ ಆ ಪರೀಕ್ಷಾ ಪದ್ಧತಿ 1905ರಲ್ಲಿ ರದ್ದಾಯಿತು. ನಾನ್‌ಜಿಂಗಿನ ಗೂಡುಗಳಿದ್ದ ಜಾಗದಲ್ಲಿ ಈಗ ವಸ್ತುಸಂಗ್ರಹಾಲಯವಿದೆ. ಪಾಸಾದ ಸಾವಿರಾರು ಜನರ ಎಂಟು ಕಾಲಿನ ಪ್ರಬಂಧಗಳನ್ನು ಈಗ ಸಂತೋಷಕ್ಕಾಗಿ ಓದುವವರು ಯಾರು?

ಕಾದಂಬರಿಯ ಕೊನೆಯಲ್ಲಿ ವಿದ್ವಾಂಸರೆಲ್ಲ ಚದುರಿ ಹೋದ ಮೇಲೆ ನಾನ್‌ಜಿಂಗಿನ ನಾಲ್ವರು ಸಾಮಾನ್ಯರು ಬರುತ್ತಾರೆ. ಅವರಲ್ಲೊಬ್ಬ ದರ್ಜಿ. ಹೊಲಿಗೆ ಮುಗಿದ ಮೇಲೆ ತಂತಿವಾದ್ಯ ನುಡಿಸುತ್ತಾನೆ, ಪದ್ಯ ಬರೆಯುತ್ತಾನೆ. ಇಷ್ಟು ರಸಿಕನಾಗಿ ಈ ಕಸುಬೇಕೆಂದು ಯಾರೋ ಕೇಳಿದರೆ, ಹೊಲಿಗೆಯಿಂದ ಪುಸ್ತಕಕ್ಕೇನು ಅಪಮಾನ ಎಂಬಂತೆ ಉತ್ತರ ಕೊಡುತ್ತಾನೆ.

ಅಣ್ಣ ಈಗ ನಮ್ಮೂರಿನ ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಪರೀಕ್ಷೆಗೆ ಅರ್ಜಿ ಹಾಕುವ ಹುಡುಗರೆಲ್ಲ ಅಲ್ಲಿಗೇ ಬರುತ್ತಾರೆ. ಯಾವ ಕಾಲಮ್ಮಿನಲ್ಲಿ ಏನು ತುಂಬಬೇಕೆಂದು ಅವನಿಗೆ ಬಾಯಿಪಾಠ. ಹೋದ ಬೇಸಿಗೆಯಲ್ಲಿ ಪುಸ್ತಕವನ್ನು ಅವನಿಗೆ ಕೊಟ್ಟು ಬಂದೆ. ಯಾಕೆ ಕೊಡುತ್ತಿದ್ದೇನೆಂದು ಹೇಳುವ ಧೈರ್ಯ ಬರಲಿಲ್ಲ. ದಸರೆಗೆ ಹೋದಾಗ ಅಂಗಡಿ ಮುಚ್ಚುವ ಹೊತ್ತು. ಪುಸ್ತಕ ಕೌಂಟರಿನ ಮೇಲಿತ್ತು, ಬಸ್ ಟಿಕೆಟ್ಟಿನ ಗುರುತು ಸಮೇತ.

“ಓದಿದೆಯಾ?”

“ಓದಿದೆ. ಆ ಕಟುಕ ಕೊನೆಗೂ ದುಡ್ಡು ಕೊಡಲೇ ಇಲ್ಲವಲ್ಲೋ.”

ನಾನು ಸುಮ್ಮನಿದ್ದೆ.

“ನೀನು ಎಣಿಸಿಯಾದರೂ ಇಟ್ಟಿದ್ದೆ,” ಎಂದ.

ಆಮೇಲೆ ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಎರಡು ಬೆರಳು ಎತ್ತಿ ಹಿಡಿದ. ಅಂಗಡಿಯಲ್ಲಿ ಎರಡು ಟ್ಯೂಬ್‌ಲೈಟು ಉರಿಯುತ್ತಿದ್ದವು. ನಾನು ಎದ್ದು ಹೋಗಿ ಒಂದನ್ನು ಆರಿಸಿದೆ.